ಎಂಜಿನ್ನಿಗೆ ಇಟ್ಟ ಎಡೆ

ಮೊನ್ನೆ ಕಾರು ರಿಪೇರಿಗೆ ಬಿಟ್ಟಾಗ ಮೆಕ್ಯಾನಿಕ್ ಡಬ್ಬಿಯೊಂದನ್ನು ಹಿಡಿದು ಎಂಜಿನ್ನಿನ ಸಂದಿಗೆ ಫುಸ್ಸೆಂದು ಏನೋ ಹೊಡೆದ. ಮೂಗು ಸುಡುವ ಆ ಕ್ಲೀನರ್ ವಾಸನೆ ಬಡಿದದ್ದೇ ತಡ, ಬೆಟಗೇರಿಯ ಚಾಚಾ ನೆನಪಾದರು...

ಗದಗ ಜಿಲ್ಲೆಯಾಗಿ ಕೆಲವು ವರ್ಷ ಕಳೆದಿದ್ದವು. ನಮ್ಮ ಮನೆಯವರ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಡಯಾಲಿಸಿಸ್ಸಿಗೆ ಹುಬ್ಬಳ್ಳಿಗೆ ಅಲೆಯುವ ಗೋಳು ತಪ್ಪಿ ಗದಗಿನಲ್ಲೇ ಆಗುತ್ತದಲ್ಲ ಎಂಬುದೊಂದೇ ಸಮಾಧಾನ. ನಾನು ಆಗ ಶಿರಹಟ್ಟಿಯಲ್ಲಿ ಶಾಲೆಯ ಟೀಚರು, ಆ ಕಡೆಯವರ ಬಾಯಲ್ಲಿ 'ಬಾಯಾರು'. ಅವರ ಕೈಗೆ ಸ್ಟೇರಿಂಗ್ ಹಿಡಿಯುವ ಬಲ ಹೋದ ಮೇಲೆ ನಾನೇ ಕಾರು ಕಲಿತೆ. ಕಲಿತೆ ಅನ್ನುವುದು ದೊಡ್ಡ ಮಾತು. ಎದುರಿಗೆ ಎಮ್ಮೆ ಬಂದರೂ ಮನೆದೇವರನ್ನು ಕೂಗುತ್ತಿದ್ದೆ.

ಆ ವರ್ಷ ದಸರೆ ಮುಗಿದ ಮೇಲೆ ಗಾಡಿಗೆ ಏನೋ ಹತ್ತಿಕೊಂಡಿತು. ಓಡುವಾಗ ಸರಿಯಾಗಿಯೇ ಓಡುತ್ತಿತ್ತು, ನಿಲ್ಲಿಸಿದರೆ ಗಡಗಡ ನಡುಗಿ ಬಂದ್ ಬೀಳುತ್ತಿತ್ತು. ಲಕ್ಷ್ಮೇಶ್ವರದಲ್ಲಿ ಒಬ್ಬರು ಆಕ್ಸಿಜನ್ ಸೆನ್ಸರ್ ಹೋಗಿದೆ ಎಂದು ಹೊಸದನ್ನು ಹಾಕಿಕೊಟ್ಟರು. ಏನೂ ಬದಲಾಗಲಿಲ್ಲ.

ಒಮ್ಮೆ ಡಯಾಲಿಸಿಸ್ಸಿಗೆ ಹೊರಟಾಗ ಹರ್ತಿ ಹತ್ತಿರ ಕುರಿ ಹಿಂಡು ಅಡ್ಡ ಬಂತು. ನಿಲ್ಲಿಸಿದೆ, ಗಾಡಿ ಬಂದ್. ಹಿಂದಿನ ಸೀಟಿನಿಂದ ಇವರು, "ಬ್ಯಾಡ ಬಿಡು. ಗಾಡಿಗೂ ಸಾಕಾಗೇತಿ, ನನಗೂ ಸಾಕಾಗೇತಿ. ಮುಂದಿನ ಸಲ ನಾ ಬರಂಗಿಲ್ಲ" ಅಂದರು. ಹಲ್ಲಿ ಲೊಚಗುಟ್ಟಿದರೂ ಶಕುನ ಹುಡುಕುವ ಮನುಷ್ಯ. ನಿಜಕ್ಕೂ ಹಟ ಹಿಡಿದರೆ ಏನು ಗತಿ ಎಂದು ನನ್ನ ಜೀವ ಹಾರಿತು. ಡಯಾಲಿಸಿಸ್ ಬಿಟ್ಟರೆ ಏನಾಗುತ್ತದೆ ಎಂದು ಡಾಕ್ಟರು ಮೊದಲೇ ಬಿಡಿಸಿ ಹೇಳಿದ್ದರು.

ಹೇಗೋ ಮತ್ತೆ ಚಾಲೂ ಮಾಡಿ, ಕಾಲು ತೆಗೆಯದೆ ಎಕ್ಸಲರೇಟರ್ ಒತ್ತಿಕೊಂಡೇ ಗದಗ ಮುಟ್ಟಿದೆ. ಆಸ್ಪತ್ರೆಯ ಪಾಳಿಗೆ ಇನ್ನೂ ತಾಸು ಹೊತ್ತಿತ್ತು, ಯಾರೋ ಪಕ್ಕದ ಬೆಟಗೇರಿಯ ಮಗ್ಗದ ಓಣಿಯೊಂದನ್ನು ತೋರಿಸಿದರು. ಅಲ್ಲಿ ಚಾಚಾನ ಗ್ಯಾರೇಜು. ಬಿಳಿ ಗಡ್ಡ, ಮೂಗಿನ ತುದಿಯಲ್ಲೇ ಸಿಟ್ಟು, ತಮ್ಮಂಥ ಮೆಕ್ಯಾನಿಕ್ ಜಿಲ್ಲೆಯಲ್ಲೇ ಇಲ್ಲ ಎಂಬ ಜಂಬ ಬೇರೆ. ಸೆನ್ಸರ್ ಬದಲಿಸಿದ್ದು ಕೇಳಿ ಹಣೆ ಚಚ್ಚಿಕೊಂಡರು.

"ಸಾರು ಸಪ್ಪಗೈತಿ ಅಂತ ನಾಲಿಗಿ ಹೇಳಿದ್ರ, ನಾಲಿಗೀನ ಬದಲಿ ಮಾಡ್ತಾರೇನ್ರಿ ಬಾಯಾರ?"

ಸ್ಟೇರಿಂಗ್ ಕೆಳಗೆ ಸ್ಕ್ಯಾನರಿನ ವೈರು ಚುಚ್ಚಿ, ಚಾಳೀಸು ಕನ್ನಡಕ ಮನೆಯಲ್ಲಿದೆ ಎಂದು ಯಂತ್ರವನ್ನು ನನ್ನ ಕೈಗೇ ತುರುಕಿದರು. ಬೈಯುತ್ತಲೇ ಪಾಠ ಹೇಳಿದರು. ಹೊಗೆಯ ದಾರಿಯಲ್ಲಿ ಕೂತ ಸೆನ್ಸರ್ ನಾಲಿಗೆ ಇದ್ದಂತೆ. ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂದು ಅದು ಹೇಳಿದರೆ ಕಂಪ್ಯೂಟರು ಪೆಟ್ರೋಲ್ ಹೆಚ್ಚು ಸುರಿಯುತ್ತದೆ. ಮಾಮೂಲಿಗಿಂತ ಶೇಕಡಾ ಎಷ್ಟು ಹೆಚ್ಚು ಎಂದು ಹೇಳುವ ಅಂಕಿಯೇ ಫ್ಯೂಯಲ್ ಟ್ರಿಮ್. ಸೆನ್ಸರಿನ ಗೆರೆ ಏಳುತ್ತಾ ಬೀಳುತ್ತಾ ಇರಬೇಕು. ನಮ್ಮದು ಗಾಳಿ ಹೆಚ್ಚು ಎನ್ನುತ್ತಾ ತಳ ಹಿಡಿದು ಮಲಗಿತ್ತು. ಟ್ರಿಮ್ ಇಪ್ಪತ್ತೈದು ದಾಟಿತ್ತು. ಎಕ್ಸಲರೇಟರ್ ಒತ್ತಿಸಿದರು, ಐದರ ಹತ್ತಿರ ಬಂತು.

"ಹಂಗಾರ ಪೆಟ್ರೋಲ್ ಕಳಸೂ ಪಂಪ್ ಚಲೋ ಐತಿ. ಎಲ್ಲೋ ಕಳ್ಳ ಗಾಳಿ ಒಳಗ ಹೊಕ್ಕಾಕತ್ತೈತಿ. ಗಾಡಿ ನಿಂತಾಗ ಎಂಜಿನ್ ಉಸರು ಸಣ್ಣದು ನೋಡ್ರಿ, ಅದಕ್ಕ ಕಳ್ಳಂದ ಜೋರು. ತೂತ ಇದ್ದಲ್ಲಿ ಈ ಸ್ಪ್ರೇ ಒಳಗ ಹೊಕ್ಕು ಪೆಟ್ರೋಲಿನಂಗ ಉರೀತೈತಿ, ಆಗ ಅಂಕಿ ಇಳೀತೈತಿ. ನಾ ಇಲ್ಲಿ ಹೊಡಕೋಂತ ಹೋಗ್ತೀನಿ, ನೀವು ಅಂಕಿ ಒದರ್ರಿ."

ಅವರು ಪೈಪಿನಿಂದ ಪೈಪಿಗೆ ಆ ವಾಸನೆಯ ಸ್ಪ್ರೇ ಹೊಡೆಯುತ್ತಾ ಹೋದರು. ನಾನು ಶಾಲೆಯಲ್ಲಿ ಹಾಜರಿ ಕರೆಯುವಂತೆ ಒದರತೊಡಗಿದೆ. ಆಸ್ಪತ್ರೆಯಲ್ಲಿ ನಮ್ಮ ಪಾಳಿಯ ಹೊತ್ತು ಮೀರುತ್ತಿತ್ತು. ಹಿಂದೆ ಇವರ ಉಸಿರು ಭಾರವಾಗಿ ಕೇಳಿಸುತ್ತಿತ್ತು. ಇಪ್ಪತ್ತೇಳು... ಇಪ್ಪತ್ತೇಳು... ಇಪ್ಪತ್ತಾರು... ಒಮ್ಮೆಲೇ ಅಂಕಿ ಧಡಕ್ಕನೆ ಬಿತ್ತು.

"ಚಾಚಾ, ಹತ್ತು! ಇಳೀತ್ರಿ, ಇಳೀತು!"

ಅವರು ಎಂಜಿನ್ನಿನ ಹಿಂದೆ ಕೈ ಹಾಕಿ ಇಲಿ ಕಡಿದ ರಬ್ಬರ್ ಪೈಪೊಂದನ್ನು ಎಳೆದರು. ಅದರ ಜೊತೆಗೇ ಒಣಗಿದ ಹೋಳಿಗೆ ತುಣುಕೊಂದು ಬಂತು, ಕುಂಕುಮದ ಸಮೇತ. ಇಳಿದು ಹೋಗಿ ನೋಡಿದ ಕೂಡಲೇ ನನಗೆ ಗುರುತು ಹತ್ತಿತು. ಖಂಡೆ ಪೂಜೆಯ, ಅಂದರೆ ಆಯುಧಪೂಜೆಯ ದಿನ ಇವರು ಗೋಡೆ ಹಿಡಿದು ಹೊರಗೆ ಬಂದು, "ನಮ್ಮನ್ನ ಹೊತ್ಕೊಂಡು ಅಡ್ಡಾಡೂದು ಇದ ಅಲ್ಲೇನು" ಎಂದು ತಮ್ಮ ಕೈಯಾರೆ ಎಂಜಿನ್ನಿಗೆ ಎಡೆ ಇಟ್ಟಿದ್ದರು. ಎಡೆಗೆ ಬಂದ ಇಲಿ ರಬ್ಬರಿನ ರುಚಿಯನ್ನೂ ನೋಡಿತ್ತು.

ನಗು ಬಂತು, ಮರುಕ್ಷಣವೇ ಬಾಯಿಗೆ ಸೆರಗು ಒತ್ತಿಕೊಂಡೆ. ತಾವಿಟ್ಟ ಎಡೆಯಿಂದಲೇ ಗಾಡಿ ಕೆಟ್ಟಿತು ಎಂದು ಗೊತ್ತಾದರೆ ಮುಗಿಯಿತು, ದೇವರೇ ಬೇಡ ಅಂದ ಎಂದು ಮಂಚ ಹಿಡಿದು ಕೂತಾರು. ಚಾಚಾ ನನ್ನ ಮುಖ ನೋಡಿದರು, ಹಿಂದಿನ ಸೀಟು ನೋಡಿದರು.

"ಅವ್ರ ಇಟ್ಟಿದ್ರೇನ್ರಿ?" ಎಂದು ಪಿಸುಗುಟ್ಟಿದರು. ತಲೆಯಾಡಿಸಿದೆ. ಹೋಳಿಗೆ ಹಿಡಿದ ಮುಷ್ಟಿ ಮುಚ್ಚಿ ಜೇಬಿಗೆ ಹೋಯಿತು.

"ಏನಾಗಿತ್ರಿ ಅದಕ್ಕ?" ಎಂದು ಇವರು ಒಳಗಿನಿಂದ ಕೇಳಿದರು.

"ಏನಿಲ್ರಿ ಸಾಹೇಬ್ರ, ರಬ್ಬರ್ ಹಳೇದಾಗಿ ಸೀಳಿತ್ತು. ಈಗ ಹೊಸಾದು ಹಾಕ್ತೀನಿ. ನೀವು ಮಾಡಿದ ಪೂಜಿ ದೊಡ್ಡದು, ಅದಕ್ಕ ನಡುದಾರಿಗಿ ಕೈ ಬಿಡಲಿಲ್ಲ ನೋಡ್ರಿ."

ಎಲ್ಲರನ್ನೂ ಬೈಯುವ ಬಾಯಿ ಅಷ್ಟು ಮೆತ್ತಗೆ ಸುಳ್ಳು ಹೇಳಿತು. ಇವರು ಬಹಳ ದಿನಗಳ ಮೇಲೆ ನಕ್ಕರು. ಆಸ್ಪತ್ರೆಗೆ ತಡವಾಗಿ ಹೋದರೂ ಅಂದಿನ ಡಯಾಲಿಸಿಸ್ ತಪ್ಪಲಿಲ್ಲ. ಬರಂಗಿಲ್ಲ ಎಂಬ ಮಾತನ್ನು ಅವರು ಮತ್ತೆ ಆಡಲಿಲ್ಲ.

ಮುಂದಿನ ದಸರೆಗೂ ಇವರು ಎಡೆ ಇಟ್ಟರು. ಸಂಜೆ ಚಾಚಾನ ಫೋನು ಬಂತು, ನಮಸ್ಕಾರವಿಲ್ಲ, ಕ್ಷೇಮವಿಲ್ಲ. "ಬಾಯಾರ, ಎಡಿ ತಗದ್ರಿ?" ಪ್ರತಿ ವರ್ಷವೂ ಖಂಡೆ ಪೂಜೆಯ ಸಂಜೆ ಅದೊಂದೇ ಪ್ರಶ್ನೆ. ಇವರು ತೀರಿಕೊಂಡ ವರ್ಷವೂ ಫೋನು ಬಂತು. ಆ ಸಲ ಚಾಚಾ ಎಡೆಯ ಮಾತೆತ್ತಲಿಲ್ಲ... "ಗಾಡಿ ತಗೊಂಡ ಬರ್ರಿ ಬಾಯಾರ, ಒಂದ್ಸಲ ನೋಡಿ ಕೊಡ್ತೀನಿ" ಅಂದರು.

ಈಗ ಚಾಚಾನೂ ಇಲ್ಲ. ಈ ದಸರೆಗೆ ನಾನೇ ಒಂದು ಹೋಳಿಗೆ ತುಣುಕು ಎಂಜಿನ್ನಿನ ಮೇಲೆ ಇಟ್ಟೆ. ಸಂಜೆಯಾಗುತ್ತಲೇ ತೆಗೆದೆ. ತೆಗೆದೆನೆಂದು ಯಾರಿಗೆ ಹೇಳಲಿ?