ಬೀಗ ಹಾಕಿದವನ ಕಣ್ಣು

ಬೀಗ ಹಾಕಿದ ಮೇಲೆ ಅದನ್ನು ಒಮ್ಮೆಯೂ ಜಗ್ಗಿ ನೋಡದೆ ಹೊರಟುಬಿಡುವವರನ್ನು ಕಂಡರೆ ನನಗೆ ಒಂದು ಬಗೆಯ ಪೂಜ್ಯಭಾವ ಮೂಡುತ್ತದೆ. ಇವರೆಲ್ಲ ಹಿಂದಿನ ಜನ್ಮದಲ್ಲಿ ಯೋಗಿಗಳಾಗಿದ್ದವರೇ ಇರಬೇಕು. ನಾನಾದರೋ ಮೂರು ಸಲ ಜಗ್ಗುತ್ತೇನೆ. ಓಣಿಯ ತಿರುವಿನವರೆಗೆ ಹೋದ ಮೇಲೆ, ಜಗ್ಗಿದ ಆ ನೆನಪು ಇಂದಿನದೋ ನಿನ್ನೆಯದೋ ಎಂಬ ಜಿಜ್ಞಾಸೆ ಹುಟ್ಟಿ, ಮರಳಿ ಬಂದು ನಾಲ್ಕನೆಯ ಸಲ ಜಗ್ಗುತ್ತೇನೆ. ಹುನಗುಂದದ ನಮ್ಮ ಮನೆಯ ಬೀಗ ಕಳೆದ ವರ್ಷ ಕೈಕೊಟ್ಟಾಗ ಅದನ್ನು ಬಿಚ್ಚಿ ಪರೀಕ್ಷಿಸಿದ ಬೀಗದವನು, "ಇದನ್ನ ಯಾವ ಕಳ್ಳನೂ ಮುಟ್ಟಿಲ್ರಿ ಸರ. ಕೊಂಡಿ ಸವದಿದ್ದು ನಿಮ್ಮ ಕೈಲೇ" ಎಂದು ತೀರ್ಪು ಕೊಟ್ಟ. ನನ್ನ ಹೆಂಡತಿ ಆ ತೀರ್ಪನ್ನು ಬಂಧುಬಳಗದಲ್ಲೆಲ್ಲ ಪ್ರಚುರಪಡಿಸಿದ ವೇಗಕ್ಕೆ ಯಾವ ಅಂತರ್ಜಾಲವೂ ಸಾಟಿಯಾಗಲಾರದು.

ಇಂಥವನನ್ನು ಇಳಕಲ್ಲಿನ ಒಂದು ಸಣ್ಣ ಧರ್ಮಾರ್ಥ ದವಾಖಾನೆಯ ಗೌರವ ಕಾರ್ಯದರ್ಶಿಯನ್ನಾಗಿ ಆರಿಸಿದವರ ಧೈರ್ಯವನ್ನು ಮೆಚ್ಚಬೇಕು. ಕಾಲೇಜಿನಲ್ಲಿ ಇತಿಹಾಸ ಕಲಿಸುವ ನನಗೆ ವೈದ್ಯಕೀಯದಲ್ಲಿರುವ ಪರಿಣತಿ ಎಂದರೆ, ಇಲ್ಲದ ರೋಗಗಳು ನನ್ನಲ್ಲಿವೆಯೆಂದು ನಂಬುವುದಷ್ಟೇ. ಆದರೆ ಎಲ್ಲೋ ಒಂದು ಸಂಸ್ಥೆಯ ಗಣಕಯಂತ್ರಗಳಿಗೆ ಯಾರೋ ದೂರದಿಂದಲೇ ಬೀಗ ಜಡಿದು, ಕೀಲಿಕೈಗೆ ಒತ್ತೆಹಣ ಕೇಳಿದರೆಂಬ ಸುದ್ದಿಯನ್ನು ಓದಿದ ದಿನ ನನ್ನ ಚಿಂತೆಗೆ ಒಂದು ಘನವಾದ ಉದ್ಯೋಗ ಸಿಕ್ಕಿತು. ನಮ್ಮ ರೋಗಿಗಳ ಕಡತಗಳು ಅರ್ಧ ಕಾಗದದಲ್ಲಿದ್ದವು; ಉಳಿದರ್ಧ ಔಷಧಿ ಕೊಡುವ ಕಿಟಕಿಯ ಪಕ್ಕದ ಹಳೆಯ ಕಂಪ್ಯೂಟರಿನಲ್ಲಿ. ಅದರ ಪಾಸ್‌ವರ್ಡು ಯಾರೂ ಮರೆಯಬಾರದೆಂದು ಅದರ ನೆತ್ತಿಯ ಮೇಲೆಯೇ ಅಂಟಿಸಲಾಗಿತ್ತು, ಮದುವೆ ಮನೆಯ ಬಾಗಿಲಿಗೆ ವಧೂವರರ ಹೆಸರು ಬರೆದಂತೆ.

ನನ್ನ ಕಾಟ ತಾಳಲಾರದೆ ಆಡಳಿತ ಮಂಡಳಿ ಬಾಗಲಕೋಟೆಯ ನವನಗರದಿಂದ ಸಾವಿತ್ರಿ ಎಂಬ ಎಂಜಿನಿಯರನ್ನು ಕರೆಸಿತು. ಆಕೆಯದು ಸಂಸ್ಥೆಗಳ ದತ್ತಾಂಶವನ್ನು ಕ್ಲೌಡಿಗೆ ಸಾಗಿಸಿ, ಸರ್ವರುಗಳನ್ನು ಕಾಯುವ ಕಸಬು. ಕಡತಗಳು ಇನ್ನು ಮೇಲೆ ದೂರದ ಎರಡು ಊರುಗಳ ಯಂತ್ರಗಳಲ್ಲಿ ಇರುತ್ತವೆ, ಒಂದು ಕೆಟ್ಟರೆ ಇನ್ನೊಂದು ಇರುತ್ತದೆ ಎಂದು ಆಕೆ ವಿವರಿಸಿದಾಗ ಸದಸ್ಯರೆಲ್ಲ ಗೊಂದಲಕ್ಕೆ ಬಿದ್ದರು. ಹಳೆಯ ಬಾಗಲಕೋಟೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದಾಗ ಮನೆ ಕಳೆದುಕೊಂಡು ಬಂದ ಹಿರಿಯರೊಬ್ಬರು ಮಾತ್ರ ಥಟ್ಟನೆ ತಿಳಿದುಕೊಂಡು, "ಖರೆ ಐತಿ ತಂಗಿ, ನಮ್ಮ ಮನೀದೂ ಒಂದು ನಕಲು ದಿಬ್ಬದ ಮ್ಯಾಲ ಇಟ್ಟಿದ್ರ ಭಾಳ ಛಲೋ ಆಗ್ತಿತ್ತು" ಎಂದರು. ಯಾರೂ ನಗಲಿಲ್ಲ. ಠರಾವು ಒಮ್ಮತದಿಂದ ಪಾಸಾಯಿತು.

ಆಮೇಲೆ ಬಂದದ್ದು, ಯಾರು ಯಾವುದನ್ನು ನೋಡಬಹುದು ಎಂಬ ಪ್ರಶ್ನೆ. ವೈದ್ಯರು ತಮ್ಮ ರೋಗಿಯದನ್ನು, ಔಷಧಿಯವರು ಔಷಧಿಯದನ್ನು. ಯಾರು ಯಾವ ಕಡತ ತೆರೆದರೂ ಅವರ ಹೆಸರು, ಹೊತ್ತು ಎಲ್ಲ ದಾಖಲಾಗುತ್ತದೆ. ನಾನು ನಿಯಮಾವಳಿಯನ್ನು ಸ್ವತಃ ಬರೆದೆ. ಅನಧಿಕೃತವಾಗಿ ಯಾರಾದರೂ ಕಡತ ನೋಡಿದರೆ ಆ ರೋಗಿಗೆ ಅದನ್ನು ತಿಳಿಸತಕ್ಕದ್ದು ಎಂಬ ನಾಲ್ಕನೆಯ ನಿಯಮದ ಗದ್ಯವಂತೂ ಶಾಸನದಷ್ಟು ಗಂಭೀರವಾಗಿತ್ತು. ಬರೆದಾದ ಮೇಲೆ, ಎಲ್ಲವನ್ನೂ ನೋಡುವ ಅಧಿಕಾರ ಕಾರ್ಯದರ್ಶಿಗೆ ಇರಲಿ ಎಂದೆ. "ನಿಮಗ್ಯಾಕ್ರಿ ಸರ?" ಎಂದಳು ಸಾವಿತ್ರಿ. ಎಲ್ಲವನ್ನೂ ಕಾಯುವವನಿಗೆ ಎಲ್ಲವೂ ಕಾಣಬೇಡವೇ ಎಂದೆ. ಆಕೆ ಒಂದು ಕ್ಷಣ ನನ್ನನ್ನು ನೋಡಿ, ಪರದೆಯಲ್ಲಿ ನನ್ನ ಹೆಸರಿನ ಮುಂದೆ ಒಂದು ಗುರುತು ಹಾಕಿದಳು.

ನಾನು ನಿಜವಾಗಿ ಹೆದರಿದ್ದು ವಿದೇಶದ ಚೋರರಿಗಲ್ಲ, ನಮ್ಮ ಶಂಕ್ರಪ್ಪನಿಗೆ. ಮೂವತ್ತು ವರ್ಷಗಳಿಂದ ಕಡತಗಳ ಕೋಣೆಯನ್ನು ನೋಡಿಕೊಳ್ಳುತ್ತಿದ್ದ ಶಂಕ್ರಪ್ಪ ಮಹಾ ವಾಚಾಳಿ. ಇಳಕಲ್ಲಿನ ಯಾವ ಓಣಿಯ ಎಮ್ಮೆ ಎಷ್ಟು ಹಾಲು ಹಿಂಡುತ್ತದೆ, ಯಾರ ಸೊಸೆ ಯಾರೊಡನೆ ಮಾತು ಬಿಟ್ಟಿದ್ದಾಳೆ ಎಂಬುದೆಲ್ಲ ಅವನ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ನಮ್ಮ ಕಡೆ ಸಂಬಂಧ ಕುದುರಿಸುವ ಮೊದಲು ಗುಟ್ಟಾಗಿ ವಿಚಾರಣೆ ಮಾಡುವ ಪದ್ಧತಿ ಇರುವುದು ನಿಮಗೆ ತಿಳಿದೇ ಇದೆ. ಸಾಲೆಯ ಮಾಸ್ತರರನ್ನು, ಕಿರಾಣಿ ಅಂಗಡಿಯವನನ್ನು, ಕೊನೆಗೆ ದವಾಖಾನೆಯನ್ನು. ಪೇರಲ ಹಣ್ಣಿನ ಚೀಲ ಹಿಡಿದು ಶಂಕ್ರಪ್ಪನ ಕೋಣೆಯ ಮುಂದೆ ನಿಂತ ಬೀಗರ ಬಳಗವನ್ನು ನಾನೇ ಎಷ್ಟೋ ಸಲ ಕಂಡಿದ್ದೆ. ಆದ್ದರಿಂದ ಕಾಗದಗಳೆಲ್ಲ ಕ್ಲೌಡು ಸೇರಿದ ದಿನ ಅವನಿಂದ ಕೋಣೆಯ ಕೀಲಿ ಕೇಳಿ ಪಡೆದೆ. ಅವನು ಅದನ್ನು ಅಂಗಿಯ ತುದಿಯಿಂದ ಒರೆಸಿ ಕೊಟ್ಟ. ಹೊರಗಿನ ಬೆಂಚಿನ ಬಳಿ ಕೂತು ರೋಗಿಗಳಿಗೆ ದಾರಿ ತೋರಿಸುವ ಕೆಲಸ ಅವನದಾಯಿತು. ನನಗೆ ಪಾಪಪ್ರಜ್ಞೆ ಕಾಡಿತು, ಹಾಗೆಯೇ ನೆಮ್ಮದಿಯಾಗಿ ನಿದ್ದೆಯೂ ಬಂತು.

ಆ ನೆಮ್ಮದಿಗೆ ಸರಿಯಾಗಿ ಮೂರು ವಾರ ತುಂಬಿದಾಗ ಬದಾಮಿಯಿಂದ ನನ್ನ ಅಕ್ಕ ಬಂದಳು. ಶೇಂಗಾ ಹೋಳಿಗೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟ ಸದ್ದಿನಿಂದಲೇ ಇದು ಶುದ್ಧ ವಾತ್ಸಲ್ಯವಲ್ಲವೆಂದು ನನಗೆ ಹೊಳೆಯಬೇಕಿತ್ತು. ಅವಳ ಮಗನಿಗೆ, ಎಂದರೆ ಮರೋಳದ ಏತ ನೀರಾವರಿಯಲ್ಲಿ ಕೆಲಸಕ್ಕಿರುವ ನನ್ನ ಅಳಿಯನಿಗೆ, ಗುಳೇದಗುಡ್ಡದ ಒಂದು ಹುಡುಗಿ ಮನಸ್ಸಿಗೆ ಬಂದಿದ್ದಳು. ಅವಳ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಊರು ಹೇಳಲು ಅಡ್ಡಿಯಿಲ್ಲವೆಂದು ಅವಳೇ ಅಂದಿದ್ದಾಳೆ. ಆ ಊರಲ್ಲಿ ಮನೆಮನೆಗೂ ರವಿಕೆಯ ಖಣ ನೇಯುವ ಮಗ್ಗಗಳು, ಮಗ್ಗಕ್ಕೊಬ್ಬಳು ಹುಡುಗಿ. ಹುಡುಕುವವರು ಹುಡುಕಿ ದಣಿಯಲಿ ಎಂದು.

"ಎಲ್ಲಾ ಪಸಂದ ಐತೋ ತಮ್ಮಾ. ಆದ್ರ ಆ ಹುಡುಗಿ ಎರಡು ವರ್ಷದ ಹಿಂದ ನಿಮ್ಮ ದವಾಖಾನಿಗೆ ಭಾಳ ಓಡಾಡ್ತಿದ್ಲಂತ. ಯಾಕ ಅಂದ್ರ ಯಾರೂ ಬಾಯಿ ಬಿಡವಲ್ರು."

"ಅವರನ್ನಽ ಕೇಳಿಬಿಡು ಅಕ್ಕಾ."

"ಕೇಳಿದ್ರ ಸೊಕ್ಕು ಅಂತಾರ, ಕೇಳಲಿಲ್ಲಂದ್ರ ನಾಳೆ ಹುಚ್ಚಿ ಅಂತಾರ. ನೀ ಸೆಕ್ರೆಟರಿ ಅದಿ ಹೌದಿಲ್ಲೋ? ಒಂದ್ಸಲ ಇಣಿಕಿ ನೋಡಿ ಹೇಳು."

ದತ್ತಾಂಶದ ಗೋಪ್ಯತೆಯ ಕುರಿತು ನಾನು ಅವಳಿಗೆ ಒಂದು ಉಪನ್ಯಾಸ ಕೊಟ್ಟೆ. ತರಗತಿಯಲ್ಲಿ ವಿದ್ಯಾರ್ಥಿಗಳು ಕೇಳುವಷ್ಟೇ ಶ್ರದ್ಧೆಯಿಂದ ಅವಳು ಕೇಳಿದಳು. ನಂತರ, "ಲೇ, ನಾನೇನು ಡಾಕೂ ಏನೋ? ನಿನ್ನ ಎತ್ತಿ ಆಡ್ಸಿದಾಕಿ. ಒಂದು ಹಾಳಿ ನೋಡಾಕ ಇಷ್ಟುದ್ದ ಭಾಷಣ!" ಎಂದಳು. ಎತ್ತಿ ಆಡಿಸಿದವರ ಎದುರು ನಿಲ್ಲಬಲ್ಲ ಭದ್ರತಾ ವ್ಯವಸ್ಥೆಯನ್ನು ಯಾವ ದೇಶವೂ ಇನ್ನೂ ಕಂಡುಹಿಡಿದಿಲ್ಲ. ಅವಳು ಅಡುಗೆಮನೆಗೆ ಚಹಾ ಮಾಡಲು ಹೋದಾಗ, ಹಾಡುಹಗಲೇ, ನಾನೇ ನಿಯಮ ಬರೆದ ಅದೇ ಮೇಜಿನ ಮುಂದೆ ಕೂತು, ಕಂಪ್ಯೂಟರಿನಲ್ಲಿ ಆ ಹೆಸರನ್ನು ಒತ್ತಿದೆ. ಕಡತ ತೆರೆಯಿತು. ಓದಿದೆ.

ಅದರಲ್ಲೇನಿತ್ತು ಎಂದು ನೀವು ಕೇಳಬಾರದು, ಕೇಳಿದರೂ ಹೇಳುವುದಿಲ್ಲ. ಓದುವ ಮೊದಲು ನನ್ನ ಹತ್ತಿರ ಒಂದು ಸುಭದ್ರವಾದ ಉತ್ತರವಿತ್ತು, 'ನನಗೆ ಗೊತ್ತಿಲ್ಲ' ಎಂಬುದು. ಓದಿದ ಮೇಲೆ ನಾನು ಏನೇ ಅಂದರೂ ಅದು ಒಂದು ಸುದ್ದಿ. 'ಏನೂ ಇಲ್ಲ' ಎಂದರೆ ಒಂದು ಅರ್ಥ, 'ಹೇಳಲಾರೆ' ಎಂದರೆ ಇನ್ನೂ ದೊಡ್ಡ ಅರ್ಥ, ಸುಮ್ಮನಿದ್ದರಂತೂ ಅರ್ಥಗಳ ಸಂತೆ. ಅಕ್ಕ ಚಹಾದ ಕಪ್ಪು ಹಿಡಿದು ಬಂದು ನನ್ನ ಮುಖ ನೋಡಿ ಅಲ್ಲೇ ನಿಂತಳು. "ನೋಡಿದಿ ಹೌದಲ್ಲೋ?" ನಾನು ಹೇಳುವುದಿಲ್ಲ ಎಂದೆ. "ಹಂಗಂದ್ರ ಏನೋ ಐತಿ" ಎಂದು ಅವಳು ಹೋಳಿಗೆಯ ಡಬ್ಬಿಯನ್ನು ಬರಿದು ಮಾಡಿಕೊಂಡು ಎದ್ದಳು. ಎಷ್ಟು ಅಕ್ಷರದ ಪಾಸ್‌ವರ್ಡು ಇದ್ದರೇನು, ನನ್ನ ಮುಖಕ್ಕೆ ಬಾಗಿಲೇ ಇರಲಿಲ್ಲ.

ಎರಡು ದಿನಗಳ ನಂತರ ಸಾವಿತ್ರಿಯ ಫೋನು. "ಸರ, ಒಂದು ಕಡತ ಡಾಕ್ಟರ್ ಅಲ್ಲದವರು ತೆರದಾರ್ರಿ. ನಿಮ್ಮ ಹೆಸರ್ಲೇ ಐತಿ. ಯಾರರ ನಿಮ್ಮ ಪಾಸ್‌ವರ್ಡ್ ಕದ್ದಾರೇನು, ನೋಡ್ರಿ." ಎಂಥ ಸುಂದರವಾದ ಹಿಂಬಾಗಿಲನ್ನು ಆಕೆ ತೆರೆದಿಟ್ಟಿದ್ದಳು! ಹೌದು, ಕದ್ದಿರಬೇಕು ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಸುಳ್ಳು ಹೇಳಿದರೆ ಅದರ ಚಿಂತೆಯನ್ನೂ ನಾನೇ ಸಾಕಬೇಕಲ್ಲ. ನನ್ನ ಕೊಟ್ಟಿಗೆಯಲ್ಲಿ ಈಗಾಗಲೇ ಜಾಗವಿರಲಿಲ್ಲ. ನೋಡಿದವನು ನಾನೇ ಎಂದೆ. "ಹಂಗಾದ್ರ ಆ ರೋಗಿಗೆ ತಿಳಿಸಬೇಕ್ರಿ. ನಾಲ್ಕನೇ ನಿಯಮ. ನೀವಽ ಬರೆದದ್ದು."

ನನ್ನ ಅಧಿಕಾರವನ್ನು ತೆಗೆಸುವ ಪತ್ರ ಕೊಡಲು ದವಾಖಾನೆಗೆ ಹೋದಾಗ ಶಂಕ್ರಪ್ಪ ಬೆಂಚಿನ ಬಳಿ ಕೂತಿದ್ದ. ಅವನ ಪಕ್ಕದಲ್ಲಿ ಕೂತು, ಹೆಸರು ಹೇಳದೆ, ನಡೆದದ್ದನ್ನೆಲ್ಲ ಹೇಳಿಕೊಂಡೆ. ಇಷ್ಟು ವರ್ಷ ಪೇರಲ ಹಣ್ಣಿನವರಿಗೆ ನೀನೇನು ಹೇಳುತ್ತಿದ್ದೆ ಎಂದು ಕೇಳಿದೆ.

"ಎಲ್ಲಾರಿಗೂ ಒಂದಽ ಮಾತ್ರಿ. ಹಣ್ಣು ಇಸಕೋತಿದ್ದೆ, ಬ್ಯಾಡಂದ್ರ ಸಿಟ್ಟಾಗ್ತಾರ. ಒಳಗ ಹೋಗಿ ಒಂದು ಅಡಕಿ ಜಗಿಯೋತನಕ ನಿಂತು, ಹೊರಗ ಬಂದು, ಆ ಹೆಸರಿನ ಕಾಗದಽ ಇಲ್ರಿ ನಮ್ಮಲ್ಲಿ ಅಂತಿದ್ದೆ. ಇದ್ದವರದೂ ಅಷ್ಟಽ, ಇಲ್ಲದವರದೂ ಅಷ್ಟಽ."

"ತೆರೆದು ನೋಡ್ತಿರಲಿಲ್ಲೇನು?"

"ಯಾಕ ನೋಡ್ಲಿ? ನನ್ನ ಬಾಯಿ ಎಂಥಾದ್ದಂತ ನಿಮಗ ಗೊತ್ತಿಲ್ಲೇನ್ರಿ? ಅದರಾಗ ಏನರ ಬಿದ್ರ ನಿಲ್ಲೂದಿಲ್ಲ. ಅದಕ್ಕ ಒಳಗ ಬಿಡ್ತಿದ್ದಿಲ್ಲ."

ತನ್ನ ದೌರ್ಬಲ್ಯವನ್ನು ಅರಿತು, ಅದಕ್ಕೆ ತಕ್ಕ ವ್ಯವಸ್ಥೆ ಮಾಡಿಕೊಂಡು, ಮೂವತ್ತು ವರ್ಷ ಒಂದು ಹಾಳೆಯನ್ನೂ ಸೋರಗೊಡದ ಮನುಷ್ಯನಿಂದ ನಾನು ಕೀಲಿ ಕಸಿದುಕೊಂಡಿದ್ದೆ. ಕ್ಷಮೆ ಕೇಳಿದೆ. ಅವನು ಸಂಕೋಚದಿಂದ ಆ ಮಾತನ್ನು ದಾಟಿಸಿ, ನಮ್ಮ ಅಧ್ಯಕ್ಷರ ಹೊಸ ಎಮ್ಮೆಯ ವಿಷಯ ತೆಗೆದ.

ಮರುದಿನ ಗುಳೇದಗುಡ್ಡಕ್ಕೆ ಹೋದೆ. ಹುಡುಗಿ ಮಗ್ಗದ ಮುಂದಿದ್ದಳು; ವರನ ಸೋದರಮಾವ ಬಂದನೆಂದು ಅವಳ ತಾಯಿ ಸಂಭ್ರಮದಿಂದ ಒಳಗೆ ಅವಲಕ್ಕಿ ಕಲಸಲು ಹೋದರು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಪೀಠಿಕೆ ಮರೆತುಹೋಗಿ, ನಿನ್ನ ಕಡತ ನೋಡಿದೆನಮ್ಮಾ, ನೋಡಬಾರದಿತ್ತು ಎಂದಷ್ಟೇ ಅಂದೆ. ಲಾಳಿ ನಿಂತಿತು.

"ಅತ್ತಿಯಾರಿಗೆ ಹೇಳೀರೇನು?"

"ಬಾಯಿಲೆ ಹೇಳಿಲ್ಲ. ಏನೋ ಐತಿ ಅಂತ ನನ್ನ ಮಾರಿ ನೋಡಿ ಆಕಿಗೆ ತಿಳೀತು."

ಅವಳು ಅಳುತ್ತಾಳೆಂದು ನಾನು ಹೆದರಿದ್ದೆ. ಅವಳು ಅಳಲಿಲ್ಲ. "ಬರೂ ಐತವಾರ ನಾನಽ ಹೇಳಾಕಿ ಇದ್ದೆ ರೀ. ಅವ್ವ ಬ್ಯಾಡಂದ್ಲು, ಅಪ್ಪ ಬ್ಯಾಡಂದ; ನಾ ಹೇಳಿಯಽ ಮದುವ್ಯಾಗಾಕಿ ಅಂತ ಹಟ ಹಿಡದಿದ್ದೆ. ಹೆಂಗ ಸುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು, ಎಲ್ಲಾ ಮನಸಿನ್ಯಾಗ ಜೋಡಿಸಿ ಇಟಗೊಂಡಿದ್ದೆ. ಈಗ ನಾ ಹೇಳಿದ್ರ, ಸಿಕ್ಕಿಬಿದ್ದ ಮ್ಯಾಲ ಬಾಯಿ ಬಿಟ್ಲು ಅಂತಾರ. ನೀವು ಕದ್ದದ್ದು ಅದು ರೀ, ಕಾಗದ ಅಲ್ಲ."

ದತ್ತಾಂಶ ರಕ್ಷಣೆಯ ಬಗ್ಗೆ ನಾನು ಓದಿದ ಯಾವ ಕೈಪಿಡಿಯಲ್ಲಿಯೂ ಈ ವಾಕ್ಯ ಇರಲಿಲ್ಲ. ಗುಟ್ಟು ಎಂಬುದು ಮುಚ್ಚಿಡುವ ವಸ್ತು, ಅದು ಹೊರಬಿದ್ದರೆ ನಷ್ಟ ಎಂದು ನಾನು ತಿಳಿದಿದ್ದೆ. ಆದರೆ ಕೆಲವು ಗುಟ್ಟುಗಳನ್ನು ಜನ ಕಾಪಾಡುವುದು ಮುಚ್ಚಿಡಲೆಂದಲ್ಲ. ತಮಗೆ ಬೇಕಾದವರ ಕೈಗೆ, ಬೇಕಾದ ಹೊತ್ತಿನಲ್ಲಿ, ತಮ್ಮ ಕೈಯಾರೆ ಕೊಡಲೆಂದು. ನಾನು ಆ ಕೈಯಿಂದಲೇ ಅದನ್ನು ಕಿತ್ತುಕೊಂಡಿದ್ದೆ. ಏನು ಮಾಡಲಿ ತಂಗಿ ಎಂದು ಕೇಳಿದೆ. ಐವತ್ತು ದಾಟಿದವನು ಮಗ್ಗದ ಮುಂದೆ ಕೈಕಟ್ಟಿ ನಿಂತು.

"ಅತ್ತಿಯಾರನ್ನ ಕರಕೊಂಡು ಬರ್ರಿ. ನಿಮ್ಮ ತಪ್ಪು ನೀವು ಮೊದಲ ಹೇಳ್ರಿ, ನಾ ಹೇಳಾಕಿ ಇದ್ದೆ ಅನ್ನೂದನ್ನೂ ಹೇಳ್ರಿ. ನನ್ನದು ನಾ ಹೇಳ್ತೇನಿ. ಆಮ್ಯಾಲ ಅವರ ಇಚ್ಛಾ."

ಭಾನುವಾರ ಬದಾಮಿಯಿಂದ ಬಸ್ಸು ಹತ್ತಿದ ಮೇಲೆ ಅಕ್ಕನಿಗೆ ಎಲ್ಲ ಹೇಳಿದೆ. ನಾನು ನೋಡಿದ್ದು ತಪ್ಪು, ನೀನು ಕೇಳಿದ್ದೂ ತಪ್ಪು, ಹುಡುಗಿ ಮೊದಲಿನಿಂದಲೂ ತಾನೇ ಹೇಳುವವಳಿದ್ದಳು ಎಂದೆ. ಗುಳೇದಗುಡ್ಡದ ಅವರ ಮನೆ ಮುಟ್ಟಿದೊಡನೆ ಹುಡುಗಿ ಅಕ್ಕನನ್ನು ಮಗ್ಗದ ಕೋಣೆಗೆ ಕರೆದೊಯ್ದು, ಹಿಂದೆಯೇ ಹೊರಟಿದ್ದ ನನ್ನ ಮುಖದೆದುರಿಗೆ ಬಾಗಿಲು ಹಾಕಿಕೊಂಡಳು. ನಾನೂ ಹುಡುಗಿಯ ತಂದೆಯೂ ಹೊರಗೆ ಕಟ್ಟೆಯ ಮೇಲೆ ಕೂತು ಮಳೆ ಬರಬಹುದೇ ಎಂಬುದನ್ನು ಕೂಲಂಕಷವಾಗಿ ಚರ್ಚಿಸಿದೆವು. ಇಬ್ಬರೂ ಆಕಾಶ ನೋಡಲಿಲ್ಲ, ಬಾಗಿಲು ನೋಡುತ್ತಿದ್ದೆವು. ಮುಕ್ಕಾಲು ತಾಸಿನ ಮೇಲೆ ಅದು ತೆರೆಯಿತು. ಅಕ್ಕನ ಹಣೆಯಲ್ಲಿ ಹೊಸ ಕುಂಕುಮವಿತ್ತು, ಕಣ್ಣುಗಳು ಕೆಂಪಾಗಿದ್ದವು, ಉಡಿಯಲ್ಲಿ ಒಂದು ಖಣ.

ಬಸ್ ನಿಲ್ದಾಣದವರೆಗೆ ತಡೆದುಕೊಂಡೆ. "ಏನಂದ್ಲು?"

"ನಿನಗ್ಯಾಕ?"

"ನಾ ಓದೇನಲ್ಲ ಅಕ್ಕಾ, ನನಗ ಗೊತ್ತೈತಿ."

"ನಿನಗೇನೂ ಗೊತ್ತಿಲ್ಲ. ನೀ ಓದಿದ್ದು ಬ್ಯಾರೆ, ಆಕಿ ನನಗ ಹೇಳಿದ್ದು ಬ್ಯಾರೆ. ಬರೂ ಐತವಾರ ಅವರು ಮಾತುಕತಿಗೆ ನಮ್ಮ ಮನಿಗೆ ಬರ್ತಾರ, ಅಷ್ಟು ತಿಳಕೊಂಡ್ರ ನಿನಗ ಸಾಕು" ಎಂದು ಅಕ್ಕ ಬಸ್ಸು ಹತ್ತಿ, ಉಡಿಯ ಖಣವನ್ನು ಸೆರಗಿನಿಂದ ಮುಚ್ಚಿಕೊಂಡು ಕಿಟಕಿಯ ಪಕ್ಕ ಕೂತಳು. ಬದಾಮಿಯವರೆಗೂ ಓರೆಗಣ್ಣಿಂದ ಅವಳ ಮುಖವನ್ನು ನೋಡುತ್ತಲೇ ಬಂದೆ. ಹುಟ್ಟಿದಾಗಿನಿಂದ ಬಲ್ಲ ಮುಖ, ಒಂದಕ್ಷರವೂ ಓದಲಾಗಲಿಲ್ಲ.