ಎರಡು ಕೀಲಿಯ ಪೆಟ್ಟಿಗೆ

ಅವರ ಎಡಗಿವಿಯ ತುದಿ ಹರಿದಿತ್ತು. ಕಾಲುವೆ ನೀರಿನ ಜಗಳದಲ್ಲಿ ಯಾರೋ ಕುಡಗೋಲು ಬೀಸಿದ್ದರಂತೆ. ಎದುರು ಬಿದ್ದವರಿಗೆಲ್ಲ, "ಇನ್ನೊಂದು ಕಿವಿ ಐತಿ, ಬರ್ರಿ" ಎನ್ನುತ್ತಿದ್ದರು. ನಮ್ಮ ನೀರು ಬಳಕೆದಾರರ ಸಂಘದ ಅಧ್ಯಕ್ಷರು, ಊರಿಗೆಲ್ಲ ಕಾಕಾ.

ಇಂಡಿ ಕಡೆಯಿಂದ ಬರುವ ಕಾಲುವೆ ನಮ್ಮ ಲಿಂಬಿ ತೋಟದಲ್ಲಿ ಮುಗಿಯುತ್ತದೆ. ಮೇಲಿನ ಹೊಲದವರು ತಮ್ಮ ಗೇಟು ತೆರೆದಿಟ್ಟರೆ ನಮಗೆ ಹನಿಯೂ ಇಲ್ಲ. ಎಲ್ಲ ಗೇಟುಗಳನ್ನು ತಿರುವುವ ಕಬ್ಬಿಣದ ಹಿಡಿಕೆ ಒಂದೇ. ಕಾಕಾ ಅದನ್ನು ಹೆಗಲ ಮೇಲೆ ಹೊತ್ತೇ ತಿರುಗುತ್ತಿದ್ದರು, ಮದುವೆ ಊಟಕ್ಕೂ. ನನಗೆ ಎಲ್ಲವನ್ನೂ ಬರೆದಿಡುವ ರೂಢಿ. ಅವರ ಕಾಲದಲ್ಲಿ ನಮ್ಮ ನೀರಿನ ಸರದಿ ಒಂದೂ ತಪ್ಪಿಲ್ಲ. ಸಂಘದ ಸಭೆ ಒಂದೂ ನಡೆದಿಲ್ಲ.

ಕಳೆದ ಬೇಸಿಗೆಯಲ್ಲಿ ಅವರಿಗೆ ಲಕ್ವಾ ಹೊಡೆಯಿತು. ವಾರದೊಳಗೆ ಮೇಲಿನವರು ಹಿಡಿಕೆ ಒಯ್ದರು. ನಮ್ಮ ಗಿಡಗಳು ಎಲೆ ಉದುರಿಸತೊಡಗಿದವು. ನಾನು ಆಸ್ಪತ್ರೆಗೆ ಓಡಿದೆ.

"ಕಾಕಾ, ಒಂದ್ ಫೋನ್ ಹಚ್ರಿ. ನಿಮ್ಮ ದನಿ ಕೇಳಿದ್ರ ಸಾಕು, ಗೇಟು ಮುಚ್ತಾರ."

ಕೈಗಿಟ್ಟ ಫೋನನ್ನು ಅವರು ಬೋರಲು ಹಾಕಿದರು.

"ಈ ಸಲ ಮುಚ್ತಾರ. ನಾ ಸತ್ತ ಮ್ಯಾಲ ಯಾರ ದನಿ ಕೇಳಸ್ತಿ?" ಬಾಯಿ ಸೊಟ್ಟಗಾಗಿತ್ತು, ಮಾತು ನಿಧಾನ. "ತಪ್ಪು ನಂದ ತಮ್ಮಾ. ಎಲ್ಲಾರನೂ ಅಂಜಿಸಿದ್ನಿ, ಕುಂಡ್ರಿಸಿ ಮಾತಾಡಲಿಲ್ಲ. ಸಭೆ ಕರೀರಿ. ಹಿಡಿಕಿ ಪೆಟ್ಟಿಗ್ಯಾಗ ಇಟ್ಟು ಎರಡು ಕೀಲಿ ಹಾಕ್ರಿ. ಒಂದು ಚಾವಿ ಮ್ಯಾಗಿನವರಿಗೆ, ಒಂದು ನಿಮಗ."

"ಅಷ್ಟರಾಗ ಗಿಡ ಒಣಗ್ತಾವ್ರಿ."

"ಕೆಲವು ಒಣಗ್ತಾವ."

ಸಿಟ್ಟಿನಿಂದ ಎದ್ದು ಬಂದೆ. ಬೇರೆ ದಾರಿಯಿಲ್ಲದೆ ಸಭೆ ಕರೆದೆ. "ಕಾಕಾ ಇಲ್ಲದ ಸಭೆ, ಗಂಡಿಲ್ಲದ ಮದುವಿ" ಎಂದು ಜನ ನಕ್ಕರು. ಆದರೆ ಹಿಡಿಕೆಗಾಗಿ ಆಗಲೇ ಮೇಲಿನವರಲ್ಲೇ ತಲೆ ಒಡೆದಿದ್ದವು. ಬೈದಾಡುತ್ತಲೇ ಅವರು ಎರಡು ಕೀಲಿಗೆ ಒಪ್ಪಿದರು.

ಕಾಕಾ ಮಣ್ಣಾದ ಮರುದಿನವೇ ನಮ್ಮ ಸರದಿ. ಚಾವಿ ಹಿಡಿದು ಬೆಳಿಗ್ಗೆಯೇ ಪೆಟ್ಟಿಗೆಯ ಬಳಿ ಕುಳಿತೆ. ಇನ್ನೊಂದು ಚಾವಿ ಮೇಲಿನ ಹೊಲದ ಗೌಡರ ಹತ್ತಿರ. ಅವರ ಸುಳಿವಿಲ್ಲ. ಇನ್ನು ಯಾರಿಗೆ ಅಂಜಿ ಬಂದಾರು? ಬಿಸಿಲೇರಿತು. ಮಧ್ಯಾಹ್ನಕ್ಕೆ ಅವರ ಬೈಕು ಬಂತು.

"ಬರಂಗಿಲ್ಲ ಅನ್ಕೊಂಡಿದ್ದಿ, ಹೌದಿಲ್ಲೋ?"

"ಹೌದ್ರಿ."

"ಬರಬಾರದಂತನ ಇದ್ನಿ." ಮುಖ ಗಂಟಿಕ್ಕಿ ಚಾವಿ ತಿರುವಿದರು. "ನಾಳಿ ನನ್ನ ಸರದಿ. ನಿನ್ನ ಚಾವಿ ಇಲ್ಲದ ಈ ಸುಡುಗಾಡು ಪೆಟ್ಟಗಿ ತೆರಿಯಂಗಿಲ್ಲಲ್ಲೋ!"

ಸಂಜೆಯ ಹೊತ್ತಿಗೆ ಉಳಿದ ಗಿಡಗಳ ಬುಡ ನೆನೆಯಿತು. ಕಾಕಾನ ಹೆಸರನ್ನು ಯಾರೂ ಎತ್ತಬೇಕಾಗಲಿಲ್ಲ.