ಒಂದೇ ಸೂಜಿ, ಹನ್ನೊಂದು ತೋಳು

"ಕುಡೀತೀರೇನ್ರಿ?" ಅಂತ ಕೇಳಿದ ಡಾಕ್ಟರ್.

ಸಿಂಧನೂರಿನ ಒಂದು ದವಾಖಾನಿ. ಬಾಗಿಲ ತೆರೆದೇ ಇತ್ತು. ಹೊರಗ ಇಪ್ಪತ್ತು ಮಂದಿ ಚೀಟಿ ಹಿಡಕೊಂಡು ಕುಂತಿದ್ರು. ನನ್ನ ಹೊಟ್ಟಿ ಏಳು ತಿಂಗಳ ಬಸುರಿ ಹಂಗ ಉಬ್ಬಿತ್ತು, ಕಾಲು ಬಾತಿದ್ವು, ಆದ್ರ ಬಾಯಿಗೇನೂ ಆಗಿದ್ದಿಲ್ಲ. "ಏನಂದ್ರಿ? ನಮ್ಮಪ್ಪ ಕುಡಿದಾಂವ ಅಲ್ಲ, ನನ್ನ ಗಂಡ ಕುಡಿದಾಂವ ಅಲ್ಲ, ಈ ವಯಸ್ಸಿನಾಗ ನಾ ಕುಡೀತೀನೇನು? ಮಾರಿ ನೋಡಿ ಮಾತಾಡ್ರಿ!" ಅಂದೆ. ಹೊರಗಿನ ಇಪ್ಪತ್ತೂ ಮಂದಿಗೆ ಕೇಳಿಸಿತು. ಕೇಳಿಸಲಿ ಅಂತನ ಅಂದಿದ್ದೆ.

ಮಗ ನನ್ನ ಭುಜ ಒತ್ತಿದ. ಡಾಕ್ಟರ್ ಸಣ್ಣ ವಯಸ್ಸಿನಾಂವ, ಸಿಟ್ಟಿಗೇಳಲಿಲ್ಲ. "ಕೇಳೂದು ನಮ್ಮ ಕೆಲಸ ರೀ ಅಮ್ಮಾ. ಸ್ಕ್ಯಾನಿನಾಗ ನಿಮ್ಮ ಲಿವರ್ ಗಟ್ಟಿ ಆಗಿದ್ದು ಕಾಣತೈತಿ. ಭಾಳ ವರ್ಷ ಕುಡಿದೋರಿಗೆ ಹಿಂಗಾಗತೈತಿ. ನೀವು ಕುಡಿದಿಲ್ಲಂದ್ರ ಬ್ಯಾರೇ ಕಾರಣ ಇರಬೇಕು. ಹುಡುಕೋಣು" ಅಂದ. ಹುಡುಕೋಣು ಅಂದಿದ್ದಕ್ಕ ನಾ ತೋಳು ಚಾಚಿದೆ. ರಕ್ತ ತಗೊಂಡು ಕಳಿಸಿದ್ರು.

ನಂದು ಮಸ್ಕಿ ತಾಲೂಕಿನ ಪಾಮನಕಲ್ಲೂರು. ಓದಿದ್ದು ಏಳನೇ ಕ್ಲಾಸು, ಸಿಟ್ಟು ಮಾತ್ರ ಡಿಗ್ರಿ ಮಾಡೈತಿ ಅಂತ ಮಗ ಅಂತಾನ. ಈ ದವಾಖಾನಿಗೆ ಬರೋಕಿಂತ ಹಿಂದಿನ ಒಂದು ವರ್ಷ ನನಗ ಸುಸ್ತಂದ್ರ ಸುಸ್ತು. ಲಿಂಗಸುಗೂರಿನಾಗ ತೋರಿಸಿದ್ರ ಗ್ಯಾಸ್ ಇರಬೇಕು ಅಂತ ಗುಳಿಗಿ ಕೊಟ್ಟರು. ವಯಸ್ಸಾತಲ್ಲತ್ತಿ ಅಂದಳು ಸೊಸಿ. ಹೊಟ್ಟಿ ಉಬ್ಬಿ, ಸೀರಿ ನೆರಿಗಿ ನಿಲ್ಲದಂಗಾತು. ಸಿಂಧನೂರಿನಾಗ ಲಿವರ್ ಅಂದ ಸುದ್ದಿ ಮುಟ್ಟಿದ ಕೂಡ್ಲೇ ಊರ ಮಂದಿ ಗುಸುಗುಸು ಚಾಲೂ ಮಾಡಿದ್ರು. "ಲಿವರ್ ಅಂತಲ್ಲ... ಹೆಣ್ಮಗಳು ಕದ್ದು ಕುಡೀತಿದ್ದಳೋ ಏನೋ." ಥೂ! ಇಂಥಾ ಮಾತು ಕೇಳೋದಕ್ಕಿಂತ ಹೊಟ್ಟಿ ಒಡೆದು ಸಾಯೋದು ಚಲೋ ಅನ್ನಿಸಿತ್ತು ನನಗ.

ಎರಡನೇ ಸಲ ಹೋದಾಗ ರಕ್ತದ ಕಾಗದ ಬಂದಿತ್ತು. ಹೆಪಟೈಟಿಸ್ ಸಿ. ಬಾಯಿಗೆ ಹತ್ತೋತನಕ ಡಾಕ್ಟರ್ ಕಡಿಂದ ಆ ಹೆಸರು ಮೂರು ಸಲ ಹೇಳಿಸಿದೆ.

"ಇದು ರಕ್ತದಿಂದ ರಕ್ತಕ್ಕ ಹೋಗೋ ವೈರಸ್ ರೀ. ಒಳಗ ಹೊಕ್ಕು ಇಪ್ಪತ್ತು ಮೂವತ್ತು ವರ್ಷ ಸುಮ್ನ ಕುಂದರತೈತಿ. ಜ್ವರ ಇಲ್ಲ, ನೋವಿಲ್ಲ. ದಿನಾ ಒಂದೀಟು ಲಿವರ್ ಕೆಡಸತೈತಿ, ಲಿವರ್ ಕೆಟ್ಟ ಜಾಗಕ್ಕ ತನಗ ತಾನ ತ್ಯಾಪಿ ಹಾಕ್ಕೊಂತೈತಿ" ಅಂದ.

ನಾ ಹಳೇ ಬಟ್ಟಿ ಕೂಡಿಸಿ ಕೌದಿ ಹೊಲಿಯಾಕಿ. ತ್ಯಾಪಿ ಅಂದ್ರ ನನಗ ಹೇಳಿಕೊಡಬೇಕೇನು? "ತ್ಯಾಪಿ ಮ್ಯಾಲ ತ್ಯಾಪಿ ಹಚ್ಚಿ ಕಡೀಕ ಮೂಲ ಬಟ್ಟಿನೇ ಇಲ್ಲದಂಗಾಗತೈತಿ, ಹೌದಿಲ್ರಿ?" ಅಂದೆ.

"ಬರೋಬ್ಬರಿ ಹೇಳಿದ್ರಿ. ಅದಕ್ಕ ಸಿರೋಸಿಸ್ ಅಂತೀವಿ ನಾವು. ವೈರಸ್ ಓಡಸಾಕ ಈಗ ಚಲೋ ಗುಳಿಗಿ ಬಂದಾವು, ಸರ್ಕಾರದಿಂದ ಪುಕ್ಕಟೆ ಸಿಗತಾವು. ಹಾಕಿದ ತ್ಯಾಪಿ ಎಲ್ಲಾ ಬಿಚ್ಚಾಕ ಆಗಂಗಿಲ್ಲ, ಹೊಸಾದು ಬೀಳದಂಗ ಮಾಡಬಹುದು." ಆಮ್ಯಾಲ ಪೆನ್ನು ಹಿಡಕೊಂಡು ಕೇಳಿದ, "ಹಿಂದಕ ಯಾವಾಗರ ರಕ್ತ ಏರಿಸಿದ್ರೇನು? ಸೂಜಿ ಮಾಡಿಸಿದ್ರೇನು?"

"ಸೂಜಿ ಏನು ಒಂದಾ ಎರಡಾ!" ಅಂತ ನಗಾಕ ಹೋದೆ. ಅಷ್ಟರಾಗ ನೆಲ್ಲು ಹಚ್ಚೋ ದಿನ ನೆನಪಾದ್ವು.

ಮೂವತ್ತು ವರ್ಷದ ಹಿಂದ ನಾ ನೆಲ್ಲು ಹಚ್ಚೋ ಗುಂಪಿನ ಮುಂದಾಳು. ನಮ್ಮ ಕಡಿ ಮಳಿ ನೆಚ್ಚಿದ ಹೊಲ, ಗೊರೇಬಾಳ ಮುಕ್ಕುಂದದ ಕಡಿ ಕಾಲುವೆ ನೀರು. ಕಾಲುವೆಗೆ ನೀರು ಬಿಟ್ಟರಂದ್ರ ಹನ್ನೊಂದು ಹೆಣ್ಮಕ್ಕಳು ಗಂಟು ಕಟಗೊಂಡು ಹೊಂಟೇ ಬಿಡ್ತಿದ್ವಿ. ಇಪ್ಪತ್ತು ದಿನ ಕೆಸರಾಗ ಬಗ್ಗಿ ಸಸಿ ಹಚ್ಚಿದ್ರ, ನೆಟ್ಟಗ ನಿಲ್ಲೋದು ಹೆಂಗ ಅನ್ನೋದು ನಡಕ್ಕ ಮರೆತು ಹೋಗಿರತಿತ್ತು. ಅದಕ್ಕ ನಮ್ಮದೊಂದು ಪದ್ಧತಿ. ಕೆಲಸ ಮುಗಿದ ದಿನ ಊರಿನ ಬಸ್ಸು ಹತ್ತೋಕಿಂತ ಮೊದಲ ಎಲ್ಲಾರೂ ಒಂದೊಂದು ಸೂಜಿ. ಗುಳಿಗಿ ಕೊಟ್ಟರ ನಮಗ ಔಷಧ ಕೊಟ್ಟಂಗೇ ಅಲ್ಲ. ಸೂಜಿ ಚುಚ್ಚಿ ತೋಳು ಜುಮ್ ಅಂದ್ರ ಮೈಗೆ ಶಕ್ತಿ ಬಂತು ಅಂತ ಲೆಕ್ಕ.

ಬಸ್ಸು ನಿಲ್ಲೋ ಕಡಿ ಒಬ್ಬ ಸೂಜಿ ಡಾಕ್ಟರ್ ಇದ್ದ. ಏನು ಓದ್ಯಾನ ಅಂತ ಯಾರೂ ಕೇಳಿದ್ದಿಲ್ಲ. ಒಂದು ಗಾಜಿನ ಸಿರಿಂಜು, ಒಂದು ಸೂಜಿ, ಒಂದು ಸ್ಟೀಲಿನ ಡಬ್ಬಿ, ಕೆಳಗ ಸ್ಟೋ. ಒಬ್ಬಾಕಿಗೆ ಚುಚ್ಚಿ ಮತ್ತ ಕುದಿಸಾಕ ಇಡ್ತಿದ್ದ. ಪಾಪ, ಅವನ ತಪ್ಪಿಲ್ಲ ಅದರಾಗ. ಹನ್ನೊಂದು ಮಂದಿಗೆ ಹಂಗ ಕುದಿಸ್ಕೊಂತ ಕುಂತರ ಮಸ್ಕಿ ಬಸ್ಸು ಸಿಗಬೇಕಲ್ಲ?

"ಏ ಡಾಕ್ಟರಪ್ಪಾ, ಸೂಜೀದು ಸಾರು ಮಾಡ್ತೀಯೇನು, ಎಷ್ಟು ಕುದಿಸ್ತೀ? ಬಸ್ಸು ಹೊಂಟೈತಿ, ಹಂಗ ಚುಚ್ಚು!"

ಹಿಂಗ ಅಂದಾಕಿ ನಾನು. ಎಲ್ಲಾರೂ ಬಿದ್ದು ಬಿದ್ದು ನಕ್ಕರು, ಅಂವ ಸ್ಟೋ ಆರಿಸಿದ. ಆವತ್ತಿನಿಂದ ವರ್ಷಾ ವರ್ಷಾ ಹಂಗ ನಡೀತು. ಸಾಲು ಮಾತ್ರ ತಪ್ಪುತಿದ್ದಿಲ್ಲ. ಮೊದಲ ನನ್ನ ತೋಳು, ನನ್ನ ಹಿಂದ ಆಪಾ, ಆಮ್ಯಾಲ ಉಳಿದೋರು. ನಾ ತೋಳು ಕೊಡೋತನಕ ಯಾರೂ ಕೊಡತಿದ್ದಿಲ್ಲ, ನಾ ಕೊಟ್ಟ ಮ್ಯಾಲ ಯಾರೂ ಒಲ್ಲೆ ಅಂತಿದ್ದಿಲ್ಲ.

ಆಪಾ ಅಂದ್ರ ನನಗಿಂತ ಎರಡು ವರ್ಷ ದೊಡ್ಡಾಕಿ, ಮಸ್ಕಿಯ ಮುಸಲ್ಮಾನರ ಮನಿಯಾಕಿ. ಅಕ್ಕಗ ಅವರು ಆಪಾ ಅಂತಾರ, ನಾನೂ ಹಂಗ ಕರೀತೀನಿ. ಹತ್ತು ವರ್ಷ ಗದ್ದಿಯಾಗ ನನ್ನ ಬಲಕ್ಕ ನಿಂತಾಕಿ. ನನ್ನ ಹಿರೇ ಮಗ ಹುಟ್ಟಿದಾಗ ಬಾಣಂತನಕ್ಕ ಅಂತ ಅಳ್ಳಿಟ್ಟು ಮಾಡಿ ಹೊತ್ತು ತಂದಾಕಿ. ನನಗ ಒಡಹುಟ್ಟಿದೋರು ಯಾರೂ ಆಕಿಯಷ್ಟು ಆಗಿಲ್ಲ.

"ನನ್ನಿಂದ ಆಕಿಗೆ ಹೋಗಿರಬೌದೇನ್ರಿ?" ಅಂತ ಎಲ್ಲಾ ಹೇಳಿ ಡಾಕ್ಟರನ್ನ ಕೇಳಿದೆ.

"ಯಾರಿಂದ ಯಾರಿಗೆ ಅಂತ ಈಗ ಹೇಳಾಕ ಬರಂಗಿಲ್ಲ ರೀ. ಆದ್ರ ಅವರೆಲ್ಲರ ರಕ್ತ ನೋಡಬೇಕು. ಲಿವರ್ ಗಟ್ಟಿ ಆಗೋಕಿಂತ ಮೊದಲ ಸಿಕ್ಕರ ಪೂರಾ ಆರಾಮ ಆಗತಾರ."

ಮೊದಲ ಸಿಕ್ಕರ. ಆ ಮಾತು ನನ್ನ ಎದಿಯಾಗ ಕುಂತು ಬಿಡ್ತು. ನನ್ನ ಲಿವರ್ ಹಾಳಾತು, ಆಗಲಿ. ಆಪಾಂದು ಹಾಳಾಗೋಕಿಂತ ಮೊದಲ ಆಕಿನ್ನ ಇಲ್ಲಿಗೆ ಎಳಕೊಂಡು ಬರಬೇಕು ಅಂತ ಕುರ್ಚಿ ಬಿಟ್ಟು ಏಳೋವಾಗಲೇ ನಿರ್ಧಾರ ಮಾಡಿದೆ.

ಗುಳಿಗಿ ಚಾಲೂ ಮಾಡಿ, ನೀರು ಇಳಿಯೋ ಔಷಧ ತಗೊಂಡು, ಉಪ್ಪು ಬಿಟ್ಟು ಒಂದು ತಿಂಗಳಿಗೆ ಹೊಟ್ಟಿ ಸ್ವಲ್ಪ ಇಳೀತು. ನಡದಾಡಾಕ ಬಂದ ಕೂಡ್ಲೇ ಮಸ್ಕಿಗೆ ಹೋದೆ. ಆಪಾನ ಗಂಡ, ನಾ ಭಾಯಿ ಅಂತೀನಿ, ಗಾದಿ ಹೊಲಿಯೋ ಕೆಲಸದಾಂವ. ಅಂಗಡಿ ತುಂಬ ಹತ್ತಿ. ಮಾತು ಕಡಿಮಿ, ನಮಾಜು ತಪ್ಪಿಸೋ ಮನಿಷ್ಯಾ ಅಲ್ಲ. ಆಪಾ ಚಾದ ಕಪ್ಪು ಮುಂದ ಇಟ್ಟಾಗ ಆಕಿ ಮುಂಗೈ ಮ್ಯಾಲ ಹೊಸಾ ಚುಟಿಗಿ ಗುರ್ತು ಕಂಡಿತು. ಕಣ್ಣು ಹಳದಿ ಆಗೋ ಕಾಮಣಿಗೆ ಕಬ್ಬಿಣ ಕಾಸಿ ಸುಡತಾರಲ್ಲ, ಅದು.

"ಏನಾಗೈತಿ ಆಪಾ?"

"ಏನಿಲ್ಲ ಬೇ. ಸುಸ್ತು. ಕಾಮಣಿ ಒಳಗ ಕುಂತೈತಿ ಅಂದ್ರು, ಲಿಂಗಸುಗೂರ ಕಡಿ ಹೋಗಿ ಹಾಕಿಸ್ಕೊಂಡು ಬಂದೆ."

ಎಲ್ಲಾ ಹೇಳಿದೆ, ನಾಳೇನ ರಕ್ತ ಕೊಡು ನಡಿ ಅಂದೆ. ಆಪಾ ಗಂಡನ ಮಾರಿ ನೋಡಿದಳು. ಭಾಯಿ ಸೂಜಿ ದಾರ ಕೆಳಗಿಟ್ಟು ಮೆಲ್ಲಕ ಅಂದ, "ಲಿವರ್ ಅಂದ ಕೂಡ್ಲೇ ಮಂದಿ ಏನಂತಾರ ನಿನಗ ಗೊತ್ತೈತಿ ತಂಗೀ. ನಮ್ಮ ಮನಿಯಾಗ ಬೀಡಿ ಸೈತ ಸೇದಂಗಿಲ್ಲ. ಮಾನ, ಇಜ್ಜತ್ ಮ್ಯಾಲೇ ಬದುಕೀವಿ ಈ ಓಣಿಯಾಗ." ಆಪಾನೂ ಗೋಣು ಹಾಕಿದಳು, "ಕಾಯ್ಕು ಬೇ, ಸುಮ್ನ ಇರೋ ಜೀವಕ್ಕ ಯಾಕ ಗೋಳು?"

"ಇಜ್ಜತ್ ಇಟಗೊಂಡು ಗೋರಿಗೆ ಹೋಗು ಹಂಗಾರ!" ಅಂದು ಚಾ ಕುಡೀದೇ ಎದ್ದು ಬಂದೆ. ಬಸ್ಸಿನಾಗ ಕುಂತ ಮ್ಯಾಲ ನನ್ನ ಬಾಯಿಗೆ ನಾನ ಬೈಕೊಂಡೆ. ಈ ಬಾಯಿನೇ ಅಲ್ಲ ಎಲ್ಲಾ ಮಾಡಿದ್ದು?

ಎರಡು ವಾರ ಹಳೇ ಗುಂಪಿನ ಒಬ್ಬೊಬ್ಬಾಕಿ ಮನಿಗೆ ಅಲೆದೆ. ಈಗೆಲ್ಲಾ ಅಜ್ಜಿ ಆಗ್ಯಾರ, ಯಾರ ಮೊಣಕಾಲೂ ಸರಿ ಇಲ್ಲ. ಆದ್ರೂ ಮುಂದಾಳು ಕರೆದ್ರ ಬರೋ ರೂಢಿ ಹೋಗಿಲ್ಲ. ಒಂದು ಸೋಮವಾರ ಮುಂಜಾನೆ ಮಗನ ಟಂಟಂನಾಗ ಹತ್ತು ಮಂದಿ ಒಬ್ಬರ ಮ್ಯಾಲ ಒಬ್ಬರು ಕುಂತು ಹೊಂಟ್ವಿ. ಮಸ್ಕಿಯಾಗ ಆಪಾನ ಓಣಿಗೆ ಗಾಡಿ ತಿರುಗಿಸು ಅಂದೆ.

ಗಾಡಿ ನಿಂತಿತು. ಆಪಾ ಬಾಗಿಲ ಹಿಂದ ನಿಂತು ನೋಡಾಕತ್ತಿದ್ದಳು, ಹೊರಗ ಬರಲಿಲ್ಲ. ನಾ ಇಳಿದು ಓಣಿ ನಡುವ ನಿಂತೆ.

"ಓಣಿಯವರೆಲ್ಲಾ ಕೇಳ್ರಿ! ಲಿವರ್ ಕೆಟ್ಟಿದ್ದು ನಂದು. ಕುಡಿದು ಕೆಟ್ಟಿಲ್ಲ, ಸೂಜಿಯಿಂದ ಕೆಟ್ಟೈತಿ. ಕುದಿಸಬ್ಯಾಡ, ಹಂಗ ಚುಚ್ಚು ಅಂತ ಡಾಕ್ಟರಗ ಅಂದಾಕಿ ನಾನು. ತಪ್ಪು ನಂದು, ಇಜ್ಜತ್ ಹೋದ್ರ ನಂದು ಹೋಗಲಿ. ಈ ಮನಿಯಾಕಿ ನನ್ನ ಹಿಂದ ನಿಂತಿದ್ದಳು, ಅಷ್ಟ ಆಕಿ ಮಾಡಿದ್ದು!"

ಹಿಟ್ಟಿನ ಗಿರಣಿ ಮುಂದ ನಿಂತ ಹೆಣ್ಮಕ್ಕಳು ಬಾಯಿ ತೆರೆದು ನೋಡಿದ್ರು. ಭಾಯಿ ಅಂಗಡಿಯಿಂದ ಎದ್ದು ಬಂದ. ಆಪಾ ಬುರ್ಖಾ ಹಾಕ್ಕೊಂಡು ದಡದಡ ಹೊರಗ ಬಂದಳು.

"ಬಾಯಿ ಮುಚ್ಚ ಬೇ, ಬರ್ತೀನಿ" ಅಂದು ಗಾಡಿ ಹತ್ತಿದಳು.

ರಕ್ತ ತಗೊಳ್ಳೋ ಕೋಣಿಯಾಗ ನಾನ ಮೊದಲ ಕುರ್ಚಿಯಾಗ ಕುಂತು ತೋಳು ಚಾಚಿದೆ. "ನಿಮ್ಮದು ಆಗೇದಲ್ರಿ ಅಜ್ಜಿ" ಅಂದಳು ಅಲ್ಲಿನ ಹುಡುಗಿ. "ಆಗಿದ್ರ ಆಗಲಿ ಯವ್ವಾ, ನಂದು ಮೊದಲ ತಗೋ. ಇಲ್ಲಂದ್ರ ಇವರ್ಯಾರೂ ತೋಳು ಕೊಡಂಗಿಲ್ಲ" ಅಂದೆ. ನಕ್ಕೊಂತ ಚುಚ್ಚಿದಳು. ನಾ ಎದ್ದ ಕೂಡ್ಲೇ ಆಪಾ ಬಂದು ಕುಂತಳು, ಯಾರೂ ಹೇಳಲಿಲ್ಲ ಆಕಿಗೆ. ಪ್ರತಿಯೊಬ್ಬರಿಗೂ ಹೊಸಾ ಪಾಕೀಟು ಹರಿದು ಹೊಸಾ ಸೂಜಿ. ಹನ್ನೊಂದೂ ಪಾಕೀಟು ಹರಿಯೋದನ್ನ ಆಪಾ ನಿಂತು ನೋಡಿದಳು.

ಒಂಬತ್ತು ಮಂದಿಗೆ ಏನೂ ಇದ್ದಿಲ್ಲ. ನನ್ನ ಬಿಟ್ಟರ ಒಬ್ಬಾಕಿಗೆ ಇತ್ತು. ಆಪಾಗ.

ಮತ್ತ ಒಂದು ವಾರಕ್ಕ ಲಿವರ್ ಎಷ್ಟು ಗಟ್ಟಿ ಐತಿ ಅಂತ ನೋಡೋ ಸ್ಕ್ಯಾನ್. ಆಪಾ ಒಳಗ ಹೋದಾಗ ನಾ ಹೊರಗ ಕುಂತು ನಮ್ಮ ದೇವ್ರು ಆಕಿ ದೇವ್ರು ಇಬ್ಬರನ್ನೂ ಕರದೆ. ಡಾಕ್ಟರ್ ಕಾಗದ ನೋಡಿ ಅಂದ, "ಇನ್ನಾ ಮೆತ್ತಗೈತಿ ರೀ. ಹೊತ್ತಿಗೆ ಸರಿಯಾಗಿ ತಂದ್ರಿ. ಮೂರು ತಿಂಗಳ ಗುಳಿಗಿ ಸಾಕು." ಯಪ್ಪಾ ಶಿವನ! ಆ ಡಾಕ್ಟರನ ಕಾಲು ಹಿಡಿಯೋದೊಂದು ಬಾಕಿ ಇತ್ತು.

ವಾಪಸ್ ಬರುವಾಗ ಆಪಾ ಬೈಯಲಿ ಅಂತ ದಾರಿ ಉದ್ದಕ್ಕೂ ಕಾದೆ. ಮಸ್ಕಿಯಾಗ ಇಳಿದ ಮ್ಯಾಲ ತಿರುಗಿ ಅಂದಳು, "ಹಂಗ ಚುಚ್ಚು ಅಂತ ಆವತ್ತು ನಾನೂ ಅಂದಿದ್ದೆ ಬೇ. ನಿನ್ನ ಗಂಟಲು ದೊಡ್ಡದು, ಅದಕ್ಕ ನಿಂದ ಕೇಳಿಸ್ತು." ಅಷ್ಟಂದು ಹೋಗಿಬಿಟ್ಟಳು. ಎರಡು ತಿಂಗಳಿಂದ ಎದಿ ಮ್ಯಾಲಿದ್ದ ಕಲ್ಲು ಇಳೀತು ನಂದು.

ನನಗ ಆರು ತಿಂಗಳ ಗುಳಿಗಿ, ಆಕಿಗೆ ಮೂರು. ಮುಂಜಾನೆ ಏಳಕ್ಕ ಫೋನು. "ನುಂಗಿದ್ಯಾ?" "ನುಂಗಿದೆ, ನೀ?" ಅಷ್ಟ ಮಾತು. ಭಾಯಿ ಗುಳಿಗಿ ಡಬ್ಬಿ ಹತ್ತಿ ಗಂಟಿನ ಹಿಂದ ಮುಚ್ಚಿ ಇಡ್ತಿದ್ದ, ಯಾರಿಗೂ ಕಾಣಬಾರದು ಅಂತ. ಆಪಾನ ಸುಸ್ತು ಕಡಿಮಿ ಆಗ್ತಾ ಬಂತು. ನನ್ನ ಹೊಟ್ಟಿ ಪೂರಾ ಇಳಿದು ಸೀರಿ ನೆರಿಗಿ ಮತ್ತ ನಿಂತವು. ಗುಸುಗುಸು ಅಂತಿದ್ದ ಮಂದಿ ಮುಂದ ಬೇಕಂತಲೇ ಎರಡು ಸಲ ಅಡ್ಡಾಡಿದೆ.

ಗುಳಿಗಿ ಮುಗಿದು ಮೂರು ತಿಂಗಳಿಗೆ ಕಡೀ ಪರೀಕ್ಷೆ. ಆಪಾಂದು ತಾರೀಖು ಮೊದಲ ಬಂದಿತ್ತು. ನಿನ್ನ ಕೂಡೇ ಬರ್ತೀನಿ ಅಂತ ಕಾದು ಕುಂತಳು.

ರಕ್ತ ಕೊಟ್ಟು ಬಂದು, ಕಾಗದ ಬಂದ ದಿನ ನಾನು, ಆಪಾ, ಭಾಯಿ ಮೂವರೂ ಡಾಕ್ಟರ್ ಮುಂದ ಕುಂತ್ವಿ. "ಇಬ್ಬರ ರಕ್ತದಾಗೂ ವೈರಸ್ ಇಲ್ಲ" ಅಂದ ಡಾಕ್ಟರ್.

"ಇನ್ನೊಮ್ಮೆ ಅನ್ರಿ" ಅಂದಳು ಆಪಾ. ಅಂವ ಅಂದ. "ಜೋರಾಗಿ ಅನ್ರಿ, ಇವರಿಗೆ ಕಿವಿ ಕಡಿಮಿ" ಅಂತ ಗಂಡನ ಕಡಿ ಕೈ ಮಾಡಿದಳು. ಭಾಯಿ ಕಿವಿ ಚಲೋನ ಅದಾವು. ಆದ್ರ ಅಂವ ಏನು ಮಾಡಿದ ಗೊತ್ತೇನು? ಕಾಗದ ಇಸ್ಕೊಂಡು ಎದ್ದು ಹೊರಗ ಹೋಗಿ, ಚೀಟಿ ಹಿಡಕೊಂಡು ಕುಂತ ಅಷ್ಟೂ ಮಂದಿ ಮುಂದ ನಿಂತ. "ನನ್ನ ಹೆಂಡತಿಗೆ ಹೆಪಟೈಟಿಸ್ ಸಿ ಇತ್ತು. ಸೂಜಿಯಿಂದ ಬಂದಿತ್ತು, ಗುಳಿಗಿಯಿಂದ ಹೋತು. ನೀವೂ ರಕ್ತ ತೋರಿಸ್ರಿ, ನಾಚಬ್ಯಾಡ್ರಿ" ಅಂದ. ಆ ಮನಿಷ್ಯಾ ಒಂದೇ ಉಸಿರಿನಾಗ ಅಷ್ಟು ಮಾತಾಡಿದ್ದು ನಾ ಎಂದೂ ಕೇಳಿದ್ದಿಲ್ಲ.

ಡಾಕ್ಟರ್ ನನ್ನ ಕಡಿ ತಿರುಗಿದ. "ಅಮ್ಮಾ, ವೈರಸ್ ಹೋಗೈತಿ, ತ್ಯಾಪಿ ಅದಾವು. ನೀವು ಆರು ತಿಂಗಳಿಗೊಮ್ಮೆ ಸ್ಕ್ಯಾನಿಗೆ ಬರಬೇಕು, ಎಂದೂ ತಪ್ಪಿಸಬಾರದು." ಆಪಾಗ ಅಂದ, "ನೀವು ಇನ್ನ ಬರೂದು ಬ್ಯಾಡ."

ಆಪಾ ಏಳಲಿಲ್ಲ. "ಇಬ್ಬರಿಗೂ ಕೂಡಿ ಬಂತು, ಇಬ್ಬರಿಗೂ ಕೂಡಿ ಹೋತು. ಈಗ ಈಕಿ ಒಬ್ಬಾಕಿ ಬರಬೇಕಂದ್ರ ನಾ ಕೇಳಂಗಿಲ್ಲ ಸಾಹೇಬ್ರ. ಈಕಿ ತಾರೀಖು ನನಗೂ ಬರಕೊಡ್ರಿ" ಅಂದಳು.

ಲಿವರ್ ಕೆಟ್ಟೈತಿ ಅಂದಾಗ ನಾ ಅತ್ತಿದ್ದಿಲ್ಲ, ಊರಾಗ ಕುಡುಕಿ ಅಂದಾಗ ಅತ್ತಿದ್ದಿಲ್ಲ. ಅಲ್ಲಿ ಅತ್ತೆ, ಸೆರಗು ಬಾಯಿಗೆ ಹಿಡಕೊಂಡು, ದನಿ ತಗದು ಅತ್ತೆ.

"ಗೆದ್ದಾಗ ಯಾರರ ಅಳ್ತಾರೇನ ಬೇ, ಹುಚ್ಚಿ!" ಅಂತ ಬೈದಳು ಆಪಾ.

"ಗೆದ್ದೀನಿ, ಅದಕ್ಕ ಅಳಾಕತ್ತೀನಿ" ಅಂದೆ.